ಶೆಟ್ಟರ ಮನೆಯ ದೆಹಲಿ ತೋಟ

"ಒಂದೇ ಒಂದು ವರ್ಷ ಕೊಡಿ ನನಗೆ! ಈ ಕುಲಶೇಖರದಲ್ಲಿ ದೆಹಲಿಯ ತೋಟ ಎಬ್ಬಿಸಿ ತೋರಿಸದಿದ್ರೆ ನನ್ನ ಹೆಸರು ತಾರಾನಾಥ ಶೆಟ್ಟಿಯೇ ಅಲ್ಲ!"

ಎಂಬತ್ತನಾಲ್ಕನೆಯ ಇಸವಿಯ ಕೊನೆಯ ಒಂದು ಭಾನುವಾರ, ಹೊಸದಾಗಿ ಬಂದ ಟಿವಿಯ ಪಕ್ಕದಲ್ಲಿ ಎದೆಯುಬ್ಬಿಸಿ ನಿಂತು, ಚಾವಡಿ ತುಂಬ ಕುಳಿತಿದ್ದ ನೆರೆಕರೆಯವರಿಗೆಲ್ಲ ಕೇಳುವ ಹಾಗೆ ತಾರಾನಾಥ ಶೆಟ್ಟರು ಈ ಘೋಷಣೆ ಮಾಡಿದರು.

"ಹೆಸರು ಆಮೇಲೆ ಬದಲಾಯಿಸುವ. ಈಗ ಸ್ವಲ್ಪ ಕೂತ್ಕೊಳ್ಳಿ ಮಾರಾಯ್ರೆ, ಹಿಂದೆ ಕೂತವರಿಗೆ ಕಾಣುವುದಿಲ್ಲ," ಎಂದರು ಅವರ ಹೆಂಡತಿ ಸ್ನೇಹಲತಕ್ಕ.

ಶೆಟ್ಟರಿಗೆ ಇಷ್ಟು ಆವೇಶ ಬರಲು ಕಾರಣವಿತ್ತು. ಅರ್ಧ ಆಯುಷ್ಯವನ್ನು ಬೊಂಬಾಯಿಯಲ್ಲಿ ಸೋದರಮಾವನ ಹೋಟೆಲಿನ ಗಲ್ಲೆಯ ಹಿಂದೆ ಕಳೆದು, ಸ್ವಲ್ಪ ಹಿಂದಿಯನ್ನೂ ಸ್ವಲ್ಪ ಸಕ್ಕರೆ ಕಾಯಿಲೆಯನ್ನೂ ಸಂಪಾದಿಸಿ ಊರಿಗೆ ಮರಳಿದವರು ಅವರು. ಮರಳಿ ಬಂದದ್ದು ಹೆಂಡತಿಯ ಮನೆಗೆ. ಅಳಿಯಕಟ್ಟಿನ ಕುಟುಂಬ, ಹಂಚಿನ ಮನೆ, ಬಾವಿ, ಹಿತ್ತಿಲು ಎಲ್ಲವೂ ಸ್ನೇಹಲತಕ್ಕನಿಗೆ ತಾಯಿಯ ಕಡೆಯಿಂದ ಇಳಿದು ಬಂದ ಆಸ್ತಿ. ಅಂಥ ಮನೆಯಲ್ಲಿ ಗಂಡನಾದವನು ಎಷ್ಟು ಗಟ್ಟಿಯಾಗಿ ಕೆಮ್ಮಿದರೂ ಯಜಮಾನ ಎನಿಸಿಕೊಳ್ಳುವುದಿಲ್ಲ. ಹಲಸಿನ ಮರವನ್ನು ದೊಡ್ಡಜ್ಜಿ ನೆಟ್ಟದ್ದಂತೆ, ಬಿಂಬುಳಿ ಮರವನ್ನು ಚಿಕ್ಕಜ್ಜಿ ನೆಟ್ಟದ್ದಂತೆ. ಶೆಟ್ಟರು ನೆಟ್ಟದ್ದು ಅಂಗಳದಲ್ಲಿ ಒಂದು ಈಸಿಚೇರನ್ನು ಮಾತ್ರ. ಹೀಗಿರುವಾಗ ಮಂಗಳೂರಿಗೆ ಟಿವಿ ಬಂತು, ಶೆಟ್ಟರು ಸ್ವಂತ ದುಡ್ಡಿನಿಂದ ಒಂದು ಕಪ್ಪು-ಬಿಳುಪು ಪೆಟ್ಟಿಗೆಯನ್ನು ತಂದರು, ಆ ಕೇರಿಗೇ ಮೊದಲ ಟಿವಿಯ ಧಣಿಯಾದರು. ಮನೆ ಹೆಂಡತಿಯದಾದರೆ ಏನಂತೆ, ಮನೆಯೊಳಗೆ ಕಾಣುವ ಇಡೀ ಭಾರತ ತನ್ನದು ಎಂದು ಅವರಿಗೆ ಅನ್ನಿಸಿತು.

ಆ ಭಾರತದಲ್ಲಿ ಅವರಿಗೆ ಅತ್ಯಂತ ಪ್ರಿಯವಾದದ್ದು ಭಾನುವಾರ ಬೆಳಿಗ್ಗೆ ದೆಹಲಿಯಿಂದ ಬರುತ್ತಿದ್ದ 'ಆಂಗನ್ ಕೀ ಬಗಿಯಾ' ಎಂಬ ತೋಟಗಾರಿಕೆಯ ಕಾರ್ಯಕ್ರಮ. ಅದನ್ನು ನಡೆಸಿಕೊಡುತ್ತಿದ್ದವರು ಬಖ್ಶಿ ಸಾಹೇಬರು ಎಂಬ ಹಿರಿಯರು. ಕುತ್ತಿಗೆಗೆ ಮಫ್ಲರು, ಕೈಯಲ್ಲಿ ಕತ್ತರಿ, ಮುಖದಲ್ಲಿ ಮಗುವನ್ನು ಸ್ನಾನಕ್ಕೆ ಕರೆಯುವಂಥ ಮುಗುಳುನಗೆ. ಅವರು ಗುಲಾಬಿಯ ಗೆಲ್ಲನ್ನು ಕತ್ತರಿಸಿದರೆ ಗಿಡಕ್ಕೆ ಸಂತೋಷವಾಗುತ್ತದೆಯೋ ಏನೋ ಎನ್ನಿಸುತ್ತಿತ್ತು. ಅವರ ಮಾತು ನೆರೆಕರೆಯವರಿಗೆ ಅರ್ಥವಾಗುತ್ತಿರಲಿಲ್ಲ. ಶೆಟ್ಟರು ಅನುವಾದ ಮಾಡುತ್ತಿದ್ದರು. ಶೆಟ್ಟರ ಹಿಂದಿಯಾದರೋ ಹೋಟೆಲಿನಲ್ಲಿ ಕಲಿತದ್ದು. ಬಖ್ಶಿ ಸಾಹೇಬರು ಗೊಬ್ಬರದ ಬಗ್ಗೆ ಹೇಳಿದ್ದೆಲ್ಲ ಕನ್ನಡಕ್ಕೆ ಬರುವಾಗ ಒಂದು ಪ್ಲೇಟು, ಅರ್ಧ ಪ್ಲೇಟು ಎಂಬ ಲೆಕ್ಕದಲ್ಲೇ ಬರುತ್ತಿತ್ತು.

ಶೆಟ್ಟರು ಸಾಹೇಬರ ಮಾತನ್ನು ಅಕ್ಷರಶಃ ಪಾಲಿಸಿದರು. ತೊಂದರೆಯಾದದ್ದು ಅಲ್ಲೇ. ಸಾಹೇಬರು ಮಾತಾಡುತ್ತಿದ್ದದ್ದು ದೆಹಲಿಯ ಹವೆಯ ಬಗ್ಗೆ, ಶೆಟ್ಟರ ಗಿಡಗಳು ಇದ್ದದ್ದು ಕುಲಶೇಖರದಲ್ಲಿ. ಡಿಸೆಂಬರಿನಲ್ಲಿ ಸಾಹೇಬರು, ಸಂಜೆಯ ಹೊತ್ತು ಗಿಡಗಳಿಗೆ ಹುಲ್ಲು ಹೊದೆಸಿ, ಇಲ್ಲದಿದ್ದರೆ ಮಂಜು ಬಿದ್ದು ಸಾಯುತ್ತವೆ ಎಂದರು. ಮಂಗಳೂರಿನ ಜನ ಬೀಸಣಿಗೆ ಹಿಡಿದು ಜಗಲಿಯಲ್ಲಿ ಬೆವರುತ್ತಿರುವಾಗ ಶೆಟ್ಟರು ತಮ್ಮ ಡೇಲಿಯಾ ಗಿಡಗಳಿಗೆ ಬೈಹುಲ್ಲಿನ ಕಂಬಳಿ ಹೊದೆಸಿದರು. ಹೊದಿಕೆಯೊಳಗೆ ಡೇಲಿಯಾ ಬೆಂದು ಬಸಳೆ ಪದಾರ್ಥದ ಹಾಗಾಯಿತು. ಜೂನಿನಲ್ಲಿ ಸಾಹೇಬರು ಹಣೆಯ ಬೆವರು ಒರೆಸುತ್ತ, ಈ ಸುಡುಗಾಲದಲ್ಲಿ ದಿನಕ್ಕೆ ಎರಡು ಹೊತ್ತು ನೀರು ತಪ್ಪಿಸಬೇಡಿ ಎಂದರು. ಹೊರಗೆ ಮೂರು ದಿನದಿಂದ ಬಿಡದೆ ಮಳೆ. ಶೆಟ್ಟರು ಎಡಗೈಯಲ್ಲಿ ಕೊಡೆ, ಬಲಗೈಯಲ್ಲಿ ನೀರಿನ ಕ್ಯಾನು ಹಿಡಿದು ಅಂಗಳಕ್ಕೆ ಇಳಿದೇಬಿಟ್ಟರು.

ಪಕ್ಕದ ಮನೆಯ ವಿನಿಫ್ರೆಡ್ ಬಾಯಿ ತಮ್ಮ ಜಗಲಿಯಲ್ಲಿ ನಿಂತು ಇದನ್ನು ನೋಡಿ ಶಿಲುಬೆಯ ಗುರುತು ಹಾಕಿಕೊಂಡರು.

"ಶೆಟ್ರೆ, ಮಳೆಗೆ ನೀರು ಹಾಕುವುದು ಯಾಕೆ?"

"ಮಳೆಯ ನೀರು ಬೇರೆ, ಪ್ರೋಗ್ರಾಮಿನ ನೀರು ಬೇರೆ ಬಾಯಿ! ನಿಮಗೆ ಅದೆಲ್ಲ ತಿಳಿಯುವುದಿಲ್ಲ."

ಆ ವರ್ಷ ಶೆಟ್ಟರ ತೋಟದಲ್ಲಿ ಬದುಕಿ ಉಳಿದದ್ದು ನೀರಿನ ಕ್ಯಾನು ಒಂದೇ.

ಇಷ್ಟಕ್ಕೇ ನಿಂತಿದ್ದರೆ ಯಾರಿಗೂ ನಷ್ಟವಿರಲಿಲ್ಲ. ನಗುವವರು ನಗುತ್ತಿದ್ದರು, ಶೆಟ್ಟರು ಬೀಜ ತರಿಸುತ್ತಿದ್ದರು, ಅಷ್ಟೆ. ಆದರೆ ಟಿವಿ ಎಂದ ಮೇಲೆ ಆಂಟೆನಾ ಉಂಟಲ್ಲ! ಮನೆಯ ಮಾಡಿನ ಮೇಲೆ ಕಬ್ಬಿಣದ ಕಂಬ, ಕಂಬದ ತುದಿಯಲ್ಲಿ ಮೀನಿನ ಮುಳ್ಳಿನಂತಹ ಆಂಟೆನಾ, ಅದರ ಮೂತಿ ನಗರದ ಕಡೆಯ ಗುಡ್ಡದಲ್ಲಿರುವ ಟವರಿಗೆ. ಮನೆಗೂ ಟವರಿಗೂ ನಡುವೆ ಪಡುವಣ ಹಿತ್ತಿಲು, ಆ ಹಿತ್ತಿಲಿನಲ್ಲಿ ಅಜ್ಜಿಯಂದಿರ ಮರಗಳು. ಗಾಳಿ ಬಂದರೆ ಗೆಲ್ಲು ಆಡುತ್ತಿತ್ತು, ಗೆಲ್ಲು ಆಡಿದರೆ ಬಖ್ಶಿ ಸಾಹೇಬರು ಆಡುತ್ತಿದ್ದರು. ಕೆಲವೊಮ್ಮೆ ಒಬ್ಬರ ಪಕ್ಕ ಇನ್ನೊಬ್ಬರಂತೆ ಇಬ್ಬರು ಸಾಹೇಬರು ನಿಂತು ಒಂದೇ ಗುಲಾಬಿಗೆ ಎರಡು ಕತ್ತರಿ ಹಿಡಿಯುತ್ತಿದ್ದರು.

ಶೆಟ್ಟರು ರೇಡಿಯೋ ರಿಪೇರಿಯ ಸರ್ವೋತ್ತಮನನ್ನು ಕರೆಸಿದರು. ಅವನು ಟಿವಿಯನ್ನು ನೋಡಿದ, ವಯರನ್ನು ನೋಡಿದ, ಚಹಾ ಕುಡಿದ, ಕೊನೆಗೆ ಕಿಟಕಿಯಿಂದ ಹೊರಗೆ ನೋಡಿದ.

"ಟಿವಿಯಲ್ಲಿ ಎಂತ ಫಾಲ್ಟೂ ಇಲ್ಲ ಶೆಟ್ರೆ. ಫಾಲ್ಟ್ ಇರುವುದು ಮರದಲ್ಲಿ."

"ಯಾವ ಮರದಲ್ಲಿ?"

"ಸದ್ಯಕ್ಕೆ ಆ ನುಗ್ಗೆಯಲ್ಲಿ."

'ಆಂಗನ್ ಕೀ ಬಗಿಯಾ'ದ ಚರಿತ್ರೆಯನ್ನು ದೆಹಲಿಯಲ್ಲಿ ಯಾರಾದರೂ ಬರೆದಿಟ್ಟಿದ್ದಾರೋ ಇಲ್ಲವೋ ತಿಳಿಯದು. ಕುಲಶೇಖರದಲ್ಲಿ ಮಾತ್ರ ಅದನ್ನು ಶೆಟ್ಟರ ಹಿತ್ತಿಲಿನ ಮೋಟು ಬುಡಗಳಲ್ಲಿ ಓದಬಹುದಾಗಿತ್ತು. ಕಾರ್ಯಕ್ರಮದ ಮೊದಲ ವರ್ಷಕ್ಕೆ ನುಗ್ಗೆ ಹೋಯಿತು. ನುಗ್ಗೆ ತಾನೆ, ಇನ್ನೊಂದು ಗೆಲ್ಲು ಊರಿದರೆ ಆಯಿತು ಎಂದು ಸ್ನೇಹಲತಕ್ಕ ಸುಮ್ಮನಾದರು. ಮರುವರ್ಷ ದೆಹಲಿಯಲ್ಲಿ ಬಖ್ಶಿ ಸಾಹೇಬರು ಕಾಯಿಲೆ ಬಿದ್ದರು. ಅವರ ಜಾಗದಲ್ಲಿ ಒಬ್ಬರು ತರುಣಿ ಬಂದು ಕಳ್ಳಿ ಗಿಡಗಳ ಬಗ್ಗೆ ಹೇಳತೊಡಗಿದರು. ಶೆಟ್ಟರು ಅಷ್ಟೂ ಭಾನುವಾರ ಮೀನು ಬಿಟ್ಟು ಗಂಜಿ ಉಂಡರು. ಸಾಹೇಬರು ಗುಣವಾಗಿ ಮಫ್ಲರು ಸಮೇತ ಮರಳಿದ ದಿನ ಕೇರಿಗೆಲ್ಲ ಲಾಡು ಹಂಚಿ, ಅದೇ ಸಂಭ್ರಮದಲ್ಲಿ, ಸಾಹೇಬರ ಮುಖ ಇನ್ನಷ್ಟು ಚೆನ್ನಾಗಿ ಕಾಣಲಿ ಎಂದು ಬಿಂಬುಳಿ ಮರವನ್ನು ಕಡಿಸಿದರು.

"ಬಂಗುಡೆ ಸಾರಿಗೆ ಇನ್ನು ಹುಳಿ ಎಂತ ಹಾಕ್ಲಿ? ನಿಮ್ಮ ಸಾಹೇಬರ ಮಫ್ಲರು ಹಿಂಡ್ಲಾ?" ಎಂದು ಸ್ನೇಹಲತಕ್ಕ ಕೇಳಿದರು.

"ಹುಣಸೆ ಹುಳಿ ಅಂಗಡಿಯಲ್ಲಿ ಸಿಗ್ತದೆ. ಬಖ್ಶಿ ಸಾಹೇಬರು ಅಂಗಡಿಯಲ್ಲಿ ಸಿಗ್ತಾರಾ?"

ಆಮೇಲೆ ಕಲರ್ ಟಿವಿ ಬಂತು. ಸಾಹೇಬರ ಮಫ್ಲರು ಕೆಂಪು ಬಣ್ಣದ್ದು ಎಂಬ ಸತ್ಯ ಅಂದು ಜಗತ್ತಿಗೆ, ಅಂದರೆ ಶೆಟ್ಟರಿಗೆ, ತಿಳಿಯಿತು. ಆದರೆ ಕೆಂಪು ಬಣ್ಣ ಮಫ್ಲರಿನಲ್ಲಿ ನಿಲ್ಲದೆ ಗುಲಾಬಿಗೆ, ಗುಲಾಬಿಯಿಂದ ಸಾಹೇಬರ ಮೂಗಿಗೆ ಹರಿಯುತ್ತಿತ್ತು. ಮತ್ತೆ ಸರ್ವೋತ್ತಮ ಬಂದ, ಚಹಾ ಕುಡಿದ, ಕಿಟಕಿಯಿಂದ ನೋಡಿದ. ದೊಡ್ಡಜ್ಜಿಯ ಹಲಸಿನ ಮರ ಉರುಳಿತು. ಅದು ಬೀಳುವಾಗ ಬಾವಿಯ ಕಟ್ಟೆಯ ಒಂದು ಮೂಲೆಯನ್ನೂ ವಿನಿಫ್ರೆಡ್ ಬಾಯಿಯ ಕೋಳಿಗೂಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಳ್ಳಾಲದಿಂದ ಸ್ನೇಹಲತಕ್ಕನ ಚಿಕ್ಕಮ್ಮ ಗುಲಾಬಿಯಕ್ಕ ಬಂದು ಅಂಗಳದಲ್ಲೇ ನಿಂತು, ಕುಟುಂಬದ ಮರ ಕಡಿಯಲಿಕ್ಕೆ ಹೊರಗಿನಿಂದ ಬಂದವರಿಗೆ ಎಂತ ಅಧಿಕಾರ ಉಂಟು ಎಂದು ಗಟ್ಟಿಯಾಗಿ ಕೇಳಿ, ನೀರು ಕೂಡ ಕುಡಿಯದೆ ಹೋದರು.

ಹಿತ್ತಿಲಿನಲ್ಲಿ ಇನ್ನು ಉಳಿದದ್ದು ಒಂದೇ ಮರ. ಬಾವಿಯ ಹತ್ತಿರದ ಮುಂಡಪ್ಪ ತಳಿಯ ಮಾವು.

ಅದು ಬೇರೆ ಮರಗಳ ಹಾಗಲ್ಲ. ಸ್ನೇಹಲತಕ್ಕನ ಮದುವೆಯಾದ ವರ್ಷ ಅವರ ತಾಯಿ ಉಮಾವತಿ ಕಸಿ ಗಿಡವನ್ನು ಬಸ್ಸಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡು ತಂದು ನೆಟ್ಟದ್ದು. ಮಗುವಿಗೆ ಅರ್ಧ ಟಿಕೆಟ್ ತೆಗೆಯಿರಿ ಅಮ್ಮ ಎಂದು ಕಂಡಕ್ಟರು ತಮಾಷೆ ಮಾಡಿದನಂತೆ. ಉಮಾವತಿ ನಿಜವಾಗಿಯೂ ತೆಗೆದರಂತೆ. ಪ್ರತಿ ಮೇ ತಿಂಗಳಲ್ಲಿ ಮೊದಲ ಹಣ್ಣು ದೈವದ ಮುಂದೆ ಇಟ್ಟು, ಆಮೇಲೆ ಕೇರಿಯ ಎಲ್ಲ ಮನೆಗಳಿಗೆ ಹಂಚಿ, ಉಳಿದದ್ದನ್ನು ಮನೆಯವರು ತಿನ್ನುವುದು ಕ್ರಮ. ತಾಯಿ ತೀರಿಹೋದ ಮೇಲೆ ಮನಸ್ಸಿಗೆ ಬೇಸರವಾದಾಗಲೆಲ್ಲ ಸ್ನೇಹಲತಕ್ಕ ಯಾರಿಗೂ ಹೇಳದೆ ಹೋಗಿ ನಿಲ್ಲುತ್ತಿದ್ದದ್ದು ಅದರ ಬುಡದಲ್ಲಿ. ಹಲಸು ಬಿದ್ದ ದಿನ ಅವರು ಗಂಡನನ್ನು ಅಲ್ಲಿಗೇ ಕರೆದುಕೊಂಡು ಹೋದರು.

"ಇದನ್ನು ಮುಟ್ಟಿ ಹೇಳಿ."

"ಎಂತ ಹೇಳುವುದು?"

"ಇದಕ್ಕೆ ಕತ್ತಿ ತಾಗಿಸುವುದಿಲ್ಲ ಅಂತ. ಉಳಿದದ್ದೆಲ್ಲ ನಿಮ್ಮ ಟಿವಿಗೆ ಬಲಿ ಕೊಟ್ಟಾಯ್ತು. ಇದು ಅಮ್ಮನದ್ದು."

ಶೆಟ್ಟರು ಮರ ಮುಟ್ಟಿ ಮಾತು ಕೊಟ್ಟರು. ಕೊಡುವಾಗ ಅವರ ಮನಸ್ಸೂ ಸ್ವಲ್ಪ ಮೆತ್ತಗಾಗಿತ್ತು. ಹಾಗೆ ನೋಡಿದರೆ ಅವರು ಕೆಟ್ಟವರಲ್ಲ. ಭಾನುವಾರ ಒಂದು ಇಲ್ಲದಿದ್ದರೆ ಬಹಳ ಒಳ್ಳೆಯ ಮನುಷ್ಯ.

ಎಂಬತ್ತೊಂಬತ್ತರ ಜನವರಿಯಲ್ಲಿ ಬಖ್ಶಿ ಸಾಹೇಬರು ಪರದೆಯಿಂದಲೇ ಒಂದು ಬಾಂಬು ಎಸೆದರು. ಕಾರ್ಯಕ್ರಮಕ್ಕೆ ಐದು ವರ್ಷ ತುಂಬಲಿರುವುದರಿಂದ, ಮೊದಲಿನಿಂದಲೂ ಪತ್ರ ಬರೆಯುತ್ತ ಬಂದ ವೀಕ್ಷಕರ ತೋಟಗಳಿಗೆ ಕ್ಯಾಮರಾ ಬರಲಿದೆ! ಶೆಟ್ಟರು ಪ್ರತಿ ವಾರ ಒಂದು ಕಾರ್ಡು ಬರೆಯುತ್ತಿದ್ದವರು. ಪ್ರತಿ ಕಾರ್ಡಿನಲ್ಲೂ ತಮ್ಮ ತೋಟವನ್ನು ಒಂದಿಷ್ಟು ಬೆಳೆಸುತ್ತಿದ್ದವರು. ಅಂಗಳದಲ್ಲಿ ಸತ್ತ ಗಿಡಗಳೆಲ್ಲ ಕಾರ್ಡಿನಲ್ಲಿ ಹೂ ಬಿಟ್ಟಿದ್ದವು. ಫೆಬ್ರವರಿಯಲ್ಲಿ ಟೆಲಿಗ್ರಾಂ ಬಂತು: ತಂಡ ಮಂಗಳೂರಿಗೆ ಹೊರಟಿದೆ.

ಶೆಟ್ಟರ ಎದೆಯಲ್ಲಿ ಚೆಂಡೆ ಬಡಿಯತೊಡಗಿತು. ಆಟೋದಲ್ಲಿ ಹೋಗಿ ನರ್ಸರಿಯಿಂದ ಹೂ ಬಿಟ್ಟ ಕುಂಡಗಳನ್ನೇ ತಂದರು. ಸಾಲದ್ದಕ್ಕೆ ವಿನಿಫ್ರೆಡ್ ಬಾಯಿಯ ಮೆಟ್ಟಿಲಿನ ಮೇಲಿದ್ದ ಕ್ರೋಟನ್‌ಗಳನ್ನೂ ಕೇಳಿ ತಂದರು. ಮೋಟು ಬುಡಗಳ ಮೇಲೆ ಒಂದೊಂದು ಕುಂಡ ಕೂರಿಸಿ, ಮರ ಕಡಿದದ್ದೇ ಕುಂಡ ಇಡಲಿಕ್ಕೆ ಎಂಬಂತೆ ಮಾಡಿದರು.

ತಂಡವೆಂದರೆ ಮೂವರು. ತ್ರಿವೇದಿ ಎಂಬ ಹಸನ್ಮುಖಿ ಅಧಿಕಾರಿ, ಒಬ್ಬ ಕ್ಯಾಮರಾದವನು, ಪೆಟ್ಟಿಗೆ ಹೊರುವ ಒಬ್ಬ. ದೆಹಲಿಯ ಚಳಿಯಿಂದ ಸ್ವೆಟರ್ ಹಾಕಿಕೊಂಡು ಹೊರಟವರು ಕುಲಶೇಖರ ತಲುಪುವಾಗ ಒದ್ದೆ ಬಟ್ಟೆಯಂತಾಗಿದ್ದರು. ಶೆಟ್ಟರು ಕೋಟು ಹಾಕಿ, ಕುತ್ತಿಗೆಗೆ ಒಂದು ಮಫ್ಲರನ್ನೂ ಸುತ್ತಿ, ಪ್ರತಿಯೊಂದು ಕುಂಡದ ಎದುರೂ ನಿಂತು ಭಾಷಣ ಮಾಡಿದರು. ಒಂದು ಕುಂಡದಲ್ಲಿ ನರ್ಸರಿಯ ಬೆಲೆಚೀಟಿ ಹಾಗೆಯೇ ನೇತಾಡುತ್ತಿತ್ತು. ತ್ರಿವೇದಿಯವರು ಅದನ್ನು ಓದಿ, ಬಹಳ ಸೌಮ್ಯವಾಗಿ, ಇದು ಯಾವ ತಳಿಯ ಹೂವು ಎಂದು ಕೇಳಿದರು. ಶೆಟ್ಟರು ಚೀಟಿಯನ್ನು ಕಿತ್ತು ಕಿಸೆಗೆ ಹಾಕಿಕೊಂಡು, ಸ್ಥಳೀಯ ತಳಿ ಎಂದರು.

ಮಧ್ಯಾಹ್ನವಾಗುತ್ತಲೇ ತಂಡ ಸೋತು ಹೋಗಿ ಮಾವಿನ ಮರದ ಕೆಳಗೆ ಕುಳಿತುಬಿಟ್ಟಿತು. ಸ್ನೇಹಲತಕ್ಕ ಎಳನೀರಿನ ಬೊಂಡ ಕೆತ್ತಿ ಕೊಟ್ಟರು. ಮರ ಅಡಿಯಿಂದ ಮುಡಿಯವರೆಗೆ ಮಿಡಿ ಹಿಡಿದಿತ್ತು. ಇದು ಯಾರು ನೆಟ್ಟದ್ದು ಎಂದು ತ್ರಿವೇದಿ ಕೇಳಿದರು. ಸ್ನೇಹಲತಕ್ಕ ಶಾಲೆಯಲ್ಲಿ ಕಲಿತ ಹಿಂದಿಯನ್ನು ತಡವರಿಸುತ್ತ ಹೊರತೆಗೆದು, ತಾಯಿ ಬಸ್ಸಿನಲ್ಲಿ ತಂದದ್ದನ್ನೂ ಅರ್ಧ ಟಿಕೆಟನ್ನೂ ದೈವದ ಹಣ್ಣನ್ನೂ ಹೇಳಿದರು. ಕ್ಯಾಮರಾದವನು ಎದ್ದು, ಹೇಳುತ್ತಿದ್ದ ಸ್ನೇಹಲತಕ್ಕನನ್ನೂ ಮರವನ್ನೂ ಹಿಡಿದ.

ಒಳಗಿನಿಂದ ಶರ್ಟು ಬದಲಾಯಿಸಿ ಬಂದ ಶೆಟ್ಟರಿಗೆ ಇದನ್ನು ಕಂಡು ಸಿಟ್ಟು ಬಂತು.

"ಪಾಪ, ಅವರ ರೀಲು ಯಾಕೆ ದಂಡ ಮಾಡ್ತಿ? ಮಾವಿನ ಮರ ಅವರು ಕಾಣದ್ದಾ?"

"ಅವರೇ ಕೇಳಿದ್ದು. ನಾನು ಕರೆದದ್ದಲ್ಲ."

ತಂಡ ಕೈಮುಗಿದು ಹೋಯಿತು. ಏಪ್ರಿಲಿನ ಮೊದಲ ಭಾನುವಾರದ ವಿಶೇಷ ಕಾರ್ಯಕ್ರಮದಲ್ಲಿ ಕುಲಶೇಖರ ಬರುತ್ತದೆ ಎಂದು ಆಮೇಲೆ ತಿಳಿಯಿತು. ಶೆಟ್ಟರು ಊರಿಗೆಲ್ಲ ಹೇಳಿದರು. ಕಾವೂರಿನ ನೆಂಟರಿಗೆ ಹೇಳಿದರು, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರಿಗೆ ಹೇಳಿದರು, ಹಿಂದೆ ಮುನಿಸಿಕೊಂಡು ಹೋದ ಗುಲಾಬಿಯಕ್ಕನಿಗೂ ಹೇಳಿ ಕಳುಹಿಸಿದರು. ಹೊರಗಿನಿಂದ ಬಂದವನು ಎಂದಿದ್ದರಲ್ಲ, ಈಗ ಇಡೀ ದೇಶ ಆ ಹೊರಗಿನವನನ್ನು ನೋಡಲಿದೆ!

ಆದರೆ ಅದರ ಹಿಂದಿನ ವಾರ ಟಿವಿ ಹಾಕಿದರೆ ಬಖ್ಶಿ ಸಾಹೇಬರಿಗೆ ಎರಡು ತಲೆ! ಮಾವು ಹೊಸ ಚಿಗುರು ಬಿಟ್ಟು ತುಂಬಿಕೊಂಡಿತ್ತು. ಶೆಟ್ಟರು ಮಾಡು ಹತ್ತಿ ಕಂಬ ತಿರುಗಿಸಿದರು. "ಬಂತಾ?" ಎಂದು ಮೇಲಿನಿಂದ ಅವರು, "ಒಂದು ತಲೆ ಹೋಯ್ತು, ಕಾಲು ನಾಲ್ಕಾಯ್ತು!" ಎಂದು ಕೆಳಗಿನಿಂದ ಸ್ನೇಹಲತಕ್ಕ. ಸರ್ವೋತ್ತಮ ಬಂದ. ಈ ಸಲ ಅವನು ಚಹಾಕ್ಕೂ ಕಾಯಲಿಲ್ಲ.

"ಇನ್ನು ನನ್ನ ಹತ್ರ ಎಂತ ಕೇಳ್ತೀರಿ ಶೆಟ್ರೆ? ಉಳಿದದ್ದು ಒಂದೇ ಮರ ಅಲ್ವಾ."

"ಅದು ಆಗುವುದಿಲ್ಲ ಮಾರಾಯ. ಮಾತು ಕೊಟ್ಟಿದ್ದೇನೆ."

"ಹಾಗಾದ್ರೆ ಭಾನುವಾರ ಟಿವಿಯಲ್ಲಿ ನಿಮಗೂ ಎರಡೆರಡು ತಲೆ. ಒಂದನ್ನು ಮಾತು ಕೊಟ್ಟದ್ದಕ್ಕೆ ಇಟ್ಕೊಳ್ಳಿ."

ಶೆಟ್ಟರು ನಾಲ್ಕು ದಿನ ಮರವನ್ನು ನೋಡದೆ ತಿರುಗಾಡಿದರು. ಕೇರಿಯೆಲ್ಲ ಬಂದು ಕುಳಿತಿರುವಾಗ, ಗುಲಾಬಿಯಕ್ಕ ಎದುರಿನ ಸಾಲಿನಲ್ಲಿ ಕುಳಿತಿರುವಾಗ, ತಾನು ಪರದೆಯ ಮೇಲೆ ನಾಲ್ಕು ಕಾಲಿನ ಮೃಗವಾಗಿ ಕಾಣುವುದನ್ನು ನೆನೆದು ಅರ್ಧ ಗಂಜಿಗೇ ಎದ್ದುಬಿಡುತ್ತಿದ್ದರು. ಶನಿವಾರ ಸ್ನೇಹಲತಕ್ಕ ಉಳ್ಳಾಲಕ್ಕೆ ಹೋದರು. ಗುಲಾಬಿಯಕ್ಕನ ಬಸುರಿ ಸೊಸೆಗೆ ಬಯಕೆ ಮದುವೆ; ಅಲ್ಲೇ ಉಳಿದು ಮರುದಿನ ಬೆಳಿಗ್ಗೆ ಎಲ್ಲರನ್ನೂ ಕರೆದುಕೊಂಡು ಟಿವಿ ನೋಡಲಿಕ್ಕೆ ಬರುವುದು ಎಂದು ನಿಶ್ಚಯವಾಗಿತ್ತು. ಅವರ ಬಸ್ಸು ತಿರುವಿನಲ್ಲಿ ಮರೆಯಾಗುವುದೇ ತಡ, ಶೆಟ್ಟರು ಮರ ಕಡಿಯುವ ದುಗ್ಗಪ್ಪನಿಗೆ ಹೇಳಿ ಕಳುಹಿಸಿದರು.

ದುಗ್ಗಪ್ಪ ಮೊದಲು ಕೊಡಲಿಯನ್ನು ಭುಜದಿಂದ ಇಳಿಸಲೇ ಇಲ್ಲ.

"ಮಿಡಿ ಉಂಟಲ್ಲ ಧಣಿಗಳೇ. ಇಷ್ಟು ಮಿಡಿ ಇರುವಾಗ ಕಡಿಯುವುದಾ? ಅಮ್ಮನವರು ಎಲ್ಲಿ?"

"ಅವರೇ ಹೇಳಿದ್ದು. ಅವರಿಗೆ ನೋಡ್ಲಿಕ್ಕೆ ಆಗುವುದಿಲ್ಲ ಅಂತ ಉಳ್ಳಾಲಕ್ಕೆ ಹೋದದ್ದು."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಒಂದು ಕ್ಷಣ ಶೆಟ್ಟರೇ ಅದನ್ನು ನಂಬಿದರು. ಮರ ಬೀಳುವಾಗ ಮಾತ್ರ ಅವರು ಒಳಗೆ ಹೋಗಿ ಟಿವಿಯ ಗಾಜು ಒರೆಸುತ್ತ ಕುಳಿತರು. ಮಿಡಿಗಳು ಬಾವಿಯ ಕಟ್ಟೆಗೆ ತಾಗಿ ಉದುರುವ ಸದ್ದು ಒಳಗಿನವರೆಗೂ ಕೇಳಿಸಿತು. ಅವರು ಗಾಜನ್ನು ಇನ್ನಷ್ಟು ಜೋರಾಗಿ ಒರೆಸಿದರು. ಸಂಜೆ ದುಗ್ಗಪ್ಪ ದಿಮ್ಮಿಗಳನ್ನು ಗಾಡಿಯಲ್ಲಿ ಸಾಗಿಸಿದ ಮೇಲೆ ಟಿವಿ ಹಾಕಿದರು. ವಾರ್ತೆ ಓದುವವಳ ಕಿವಿಯ ಓಲೆಯ ಹರಳು ಕೂಡ ಎಣಿಸುವ ಹಾಗೆ ಕಾಣಿಸುತ್ತಿತ್ತು. ಆ ರಾತ್ರಿ ಶೆಟ್ಟರು ಎರಡು ಸಲ ಗಂಜಿ ಬಡಿಸಿಕೊಂಡರು.

ಭಾನುವಾರ ಬೆಳಿಗ್ಗೆ ಚಾವಡಿಯಲ್ಲಿ ಕಾಲಿಡಲು ಜಾಗವಿಲ್ಲ. ಬೆಳಕು ಬಿದ್ದರೆ ಬಣ್ಣ ಮಾಸುತ್ತದೆ ಎಂದು ಶೆಟ್ಟರು ಪಡು ಕಿಟಕಿಯನ್ನು ಭದ್ರವಾಗಿ ಮುಚ್ಚಿ, ಮೇಲೊಂದು ಕಂಬಳಿಯನ್ನೂ ಇಳಿಬಿಟ್ಟಿದ್ದರು. ವಿನಿಫ್ರೆಡ್ ಬಾಯಿ ಇಗರ್ಜಿಯ ಮೊದಲ ಪೂಜೆ ಮುಗಿಸಿ ಬಂದು, ಜಪಸರ ಹಿಡಿದು ಮೂಲೆಯಲ್ಲಿ ಕುಳಿತಿದ್ದರು. ನಿನ್ನೆ ಕೊಡಲಿಯ ಪೆಟ್ಟು ಅವರಿಗೆ ಕೇಳಿಸಿತ್ತು. ಅವರು ಶೆಟ್ಟರ ಕಡೆ ನೋಡದೆ ಜಪಮಣಿ ಎಣಿಸುತ್ತಿದ್ದರು. ಉಳ್ಳಾಲದ ಬಸ್ಸು ತಡವಾಗಿ, ಸ್ನೇಹಲತಕ್ಕ ಗುಲಾಬಿಯಕ್ಕನ ಕೈ ಹಿಡಿದು ಓಡುತ್ತಲೇ ಮುಂಬಾಗಿಲಿನಿಂದ ಒಳಗೆ ಬಂದರು. ಮಾಡಿನ ಆಚೆ ಇಂದು ಆಕಾಶ ಸ್ವಲ್ಪ ಹೆಚ್ಚಾಗಿದೆ ಎಂದು ನೋಡುವ ಪುರುಸೊತ್ತು ಯಾರಿಗಿತ್ತು?

"ಓ, ಎಷ್ಟು ಚಂದ ಕಾಣ್ತದೆ ಇವತ್ತು!" ಎಂದರು ಗುಲಾಬಿಯಕ್ಕ ಟಿವಿ ನೋಡಿ. ಐದು ವರ್ಷದಲ್ಲಿ ಅವರ ಬಾಯಿಯಿಂದ ಶೆಟ್ಟರಿಗೆ ಸಿಕ್ಕ ಮೊದಲ ಮೆಚ್ಚುಗೆ ಅದು.

ಬಖ್ಶಿ ಸಾಹೇಬರು ಬಂದರು. ಒಂದೇ ತಲೆ, ಎರಡೇ ಕಾಲು, ಮಫ್ಲರಿನ ದಾರ ದಾರವೂ ಸ್ಪಷ್ಟ. ಲಕ್ನೋದ ಒಂದು ತೋಟ ಬಂತು, ಜೈಪುರದ ಒಂದು ತೋಟ ಬಂತು. ಆಮೇಲೆ ಮಂಗಳೂರು ಎಂಬ ಹೆಸರು ಬಂತು! ಚಾವಡಿಯಲ್ಲಿ ಚಪ್ಪಾಳೆ. ಕೋಟು ಹಾಕಿದ ಶೆಟ್ಟರು ಕುಂಡದ ಪಕ್ಕ ಬಾಯಿ ತೆರೆದರು. ಬಾಯಿ ಮುಚ್ಚುವುದರೊಳಗೆ ಅವರು ಹೋಗಿಬಿಟ್ಟರು. ಅವರ ಜಾಗದಲ್ಲಿ ಪರದೆ ತುಂಬ, ಮಿಡಿಗಳ ಭಾರಕ್ಕೆ ಗೆಲ್ಲು ಬಾಗಿಸಿಕೊಂಡು, ಒಂದು ಮಾವಿನ ಮರ ನಿಂತಿತ್ತು. ಅದರ ಬುಡದಲ್ಲಿ ಸ್ನೇಹಲತಕ್ಕ.

ಸ್ನೇಹಲತಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಕಣ್ಣು ತುಂಬಿ ಬಂತು. ಬಖ್ಶಿ ಸಾಹೇಬರು ಭಾವುಕರಾಗಿ ಏನೇನೋ ಹೇಳುತ್ತಿದ್ದರು.

"ಎಂತ ಹೇಳ್ತಾರೆ ತಾರಾನಾಥ? ಬೇಗ ಹೇಳು!" ಎಂದು ಗುಲಾಬಿಯಕ್ಕ ಅವಸರಪಡಿಸಿದರು.

ಸಾಹೇಬರು ಹೇಳುತ್ತಿದ್ದದ್ದು ಇಷ್ಟು: ಐದು ವರ್ಷದಲ್ಲಿ ನಾನು ಎಷ್ಟೋ ತೋಟ ನೋಡಿದೆ, ಆದರೆ ತಾಯಿ ಮಡಿಲಲ್ಲಿ ತಂದು ನೆಟ್ಟು, ಮಗಳು ಕಾಪಾಡಿಕೊಂಡು ಬಂದ ಈ ಒಂದು ಮರದ ಮುಂದೆ ಅವೆಲ್ಲ ಏನೂ ಅಲ್ಲ. ನಮ್ಮ ಐದನೆಯ ವರ್ಷದ ಮಾನಪತ್ರ ಈ ಮರಕ್ಕೆ. ಮೇ ತಿಂಗಳಲ್ಲಿ ನಾನೇ ಮಂಗಳೂರಿಗೆ ಹೋಗಿ, ಇದರ ಬುಡದಲ್ಲಿ ಕುಳಿತು, ಇದರ ಹಣ್ಣು ತಿನ್ನುತ್ತೇನೆ!

ಶೆಟ್ಟರು ಮುಚ್ಚಿದ ಕಿಟಕಿಯ ಕಡೆ ಒಮ್ಮೆ ನೋಡಿದರು. "ಅದು... ಹವೆಯ ಬಗ್ಗೆ ಹೇಳ್ತಾರೆ. ಮಂಗಳೂರಿನಲ್ಲಿ ಸೆಕೆ ಜಾಸ್ತಿ ಅಂತ."

"ಸುಳ್ಳು! ಮೇ ತಿಂಗಳಲ್ಲಿ ಬರ್ತೇನೆ ಅಂದ್ರು. ಹಣ್ಣು ತಿನ್ಲಿಕ್ಕೆ ಬರ್ತೇನೆ ಅಂದ್ರು. ನನಗೂ ಅಷ್ಟು ಹಿಂದಿ ಬರ್ತದೆ!" ಎಂದರು ಸ್ನೇಹಲತಕ್ಕ ಎದ್ದು ನಿಂತು. ಅವರ ಮುಖದಲ್ಲಿ ಅಂಥ ಸಂತೋಷವನ್ನು ಶೆಟ್ಟರು ಮದುವೆಯ ದಿನವೂ ಕಂಡಿರಲಿಲ್ಲ. "ಚಿಕ್ಕಮ್ಮಾ, ಟಿವಿಯಲ್ಲಿ ನೋಡುವುದು ಯಾಕೆ, ನಿಜದ ಮರವನ್ನೇ ತೋರಿಸ್ತೇನೆ. ಆ ಕಂಬಳಿ ಸ್ವಲ್ಪ ಸರಿಸಿ ಯಾರಾದ್ರೂ!"

"ನಿಲ್ಲು! ಚಿತ್ರ ಸ್ವಲ್ಪ ಆಡ್ತಾ ಉಂಟು, ನಾನು ಮೇಲೆ ಹೋಗಿ ಸರಿ ಮಾಡ್ತೇನೆ!" ಎಂದು ಕೂಗಿ ಶೆಟ್ಟರು ಹೊರಗೆ ಓಡಿದರು. ಏಣಿ ಹತ್ತಿದರು. ಅವರ ತಲೆಯಲ್ಲಿ ಇದ್ದದ್ದು ಒಂದೇ ಉಪಾಯ: ಚಿತ್ರ ಹಾಳಾಗಬೇಕು, ಕೂಡಲೇ ಹಾಳಾಗಬೇಕು. ಆಗ ಎಲ್ಲರೂ ಅಯ್ಯೋ ಎಂದು ಟಿವಿಯ ಕಡೆಗೆ ತಿರುಗುತ್ತಾರೆ, ಕಿಟಕಿ ಮರೆತು ಹೋಗುತ್ತದೆ. ಆಮೇಲಿನದ್ದು ಆಮೇಲೆ. ಕಂಬ ಹಿಡಿದು ಆಂಟೆನಾದ ಮೂತಿಯನ್ನು ಟವರಿನಿಂದ ಬಡಗಿಗೆ ತಿರುಗಿಸಿದರು.

"ಒಳ್ಳೇದಾಯ್ತು!" ಎಂದು ಕೆಳಗಿನಿಂದ ಕೂಗಿತು ಚಾವಡಿ.

ತೆಂಕಿಗೆ ತಿರುಗಿಸಿದರು.

"ಮತ್ತೂ ಚಂದ ಬಂತು ಶೆಟ್ರೆ! ಮಿಡಿಯ ತೊಟ್ಟು ಕೂಡ ಕಾಣ್ತದೆ!"

ಶೆಟ್ಟರು ಹಲ್ಲು ಕಚ್ಚಿ ಘಟ್ಟದ ಕಡೆಗೆ, ಸಮುದ್ರದ ಕಡೆಗೆ, ಕೊನೆಗೆ ನೆಲದ ಕಡೆಗೂ ಬಗ್ಗಿಸಿದರು. ಐದು ವರ್ಷ ಎಷ್ಟು ಬೇಡಿದರೂ ಬಾರದಿದ್ದ ಚಿತ್ರ ಇಂದು ಓಡಿಸಿದರೂ ಹೋಗಲಿಲ್ಲ. ಅಡ್ಡ ಬರಲಿಕ್ಕೆ ಹಿತ್ತಿಲಿನಲ್ಲಿ ಒಂದು ಎಲೆಯೂ ಉಳಿದಿರಲಿಲ್ಲ.

ಆಗ ಅವರ ಕಾಲ ಕೆಳಗೆ ಪಡು ಕಿಟಕಿ ಕಿರ್ರೆಂದು ತೆರೆಯಿತು.

ಮೊದಲು ಗುಲಾಬಿಯಕ್ಕನ ತಲೆ ಹೊರಗೆ ಬಂತು, ಒಳಗೆ ಹೋಯಿತು. ಯಾರೋ "ಅಯ್ಯೋ ದೇವೆರೆ" ಎಂದರು. ಟಿವಿಯಲ್ಲಿ ಬಖ್ಶಿ ಸಾಹೇಬರು ಒಬ್ಬರೇ ಮುಂಡಪ್ಪ, ಮುಂಡಪ್ಪ ಎಂದು ತಮ್ಮ ದೆಹಲಿಯ ನಾಲಗೆಯಲ್ಲಿ ಕಷ್ಟಪಟ್ಟು ಹೇಳುತ್ತಿದ್ದರು. ಸ್ನೇಹಲತಕ್ಕ ಹೊರಗೆ ಬಂದರು. ಬಾವಿಯ ಹತ್ತಿರ ಹೋದರು. ಇನ್ನೂ ಒಣಗದ ಬುಡದ ಮೇಲೆ ಕೈ ಇಟ್ಟರು, ಕೈಗೆ ಸೊನೆ ಅಂಟಿತು. ಬೈಯಲಿಲ್ಲ, ಅಳಲಿಲ್ಲ. ಬೈದಿದ್ದರೆ ಶೆಟ್ಟರಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವರು ಮನೆಯ ಗೋಡೆಯ ಬಳಿಗೆ ಬಂದು, ಮಾಡಿಗೆ ಒರಗಿಸಿದ್ದ ಏಣಿಯನ್ನು ಎರಡೂ ಕೈಯಲ್ಲಿ ಹಿಡಿದು ಈಚೆಗೆ ಎಳೆದುಕೊಂಡರು.

"ಸ್ನೇಹಾ! ಏ ಸ್ನೇಹಾ! ಏಣಿ ಇಡು ಮಾರಾಯ್ತಿ! ನಾನು ಇಳಿಯುವುದು ಹೇಗೆ?"

"ಇಳಿಯುವುದು ಯಾಕೆ? ಅಲ್ಲಿಂದ ನಿಮಗೆ ಟವರು ಚೆನ್ನಾಗಿ ಕಾಣ್ತದೆ ಅಲ್ವಾ."

"ಎಂಥ ಬಿಸಿಲು! ಹಂಚು ಕಾದು ಕೆಂಡ ಆಗಿದೆ, ಕಾಲು ಸುಡ್ತಾ ಉಂಟು!"

"ನೆರಳಲ್ಲಿ ನಿಲ್ಲಿ."

ಶೆಟ್ಟರು ಮಾಡಿನ ಮೇಲೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಹಾರುತ್ತ, ಬಡಗು ನೋಡಿದರು, ತೆಂಕು ನೋಡಿದರು, ಪಡುವಿಗೆ ತಿರುಗಿ ನೋಡಿದರು.

"ನೆರಳು ಎಲ್ಲಿ ಉಂಟು ಮಾರಾಯ್ತಿ ಇಲ್ಲಿ?"

"ನಾನೂ ಅದನ್ನೇ ಕೇಳ್ಲಿಕ್ಕೆ ಹೊರಗೆ ಬಂದದ್ದು," ಎಂದು ಸ್ನೇಹಲತಕ್ಕ ಏಣಿಯನ್ನು ಹೆಗಲಿಗೇರಿಸಿ, ಕಾರ್ಯಕ್ರಮದ ಉಳಿದ ಭಾಗ ನೋಡಲು ಒಳಗೆ ಹೋದರು.